ಭಾನುವಾರ ಗೇರ್‌ಬಾಕ್ಸ್ ತಪಾಸಣೆ: ಹಳೇ ಶೆವಿ (ಶೆವ್ರೊಲೆ ಕಾರು) ಇರುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಡೆಟ್ರಾಯ್ಟ್ ಕಡೆಯ ಹಳೇ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್ ಆಗಸ್ಟ್ ಮೂರನೇ ಶನಿವಾರ. ಅದಕ್ಕೂ ಮುಂಚೆ, ಈ ಭಾನುವಾರ ಬೆಳಿಗ್ಗೆ 9ಕ್ಕೆ ನಮ್ಮ ಮನೆ ಗ್ಯಾರೇಜಿನಲ್ಲಿ ಸೇರೋಣ. ಟರ್ಬೊ ಹೈಡ್ರಾಮ್ಯಾಟಿಕ್ 350 ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಶೆವೆಲ್, ನೋವಾ, ಕಮಾರೊದವರು ತಪ್ಪದೆ ಬನ್ನಿ.

ಕಾರಣ ಹೇಳ್ತೀನಿ. ಹೋದ ವಾರ ನನ್ನ 1970ರ ನೋವಾ ದಟ್ಟ ಬಿಳಿ ಹೊಗೆ ಬಿಡೋಕೆ ಶುರು ಮಾಡ್ತು. ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ಟೇ (ಸೀಲ್) ಹೋಯ್ತು ಅಂತ ಎದೆ ಧಸಕ್ಕೆಂದಿತು. ಗೇರ್‌ಬಾಕ್ಸ್ ಬಲಗಡೆ ಹಿಂದಿರುವ ಮಾಡ್ಯುಲೇಟರ್‌ನಿಂದ (ಇಂಜಿನ್ ಭಾರಕ್ಕೆ ತಕ್ಕಂತೆ ಗೇರ್ ಬೀಳಿಸುವ ಭಾಗ) ಇಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಕಿತ್ತು ನೋಡಿದರೆ ಒಳಗೆಲ್ಲ ಗೇರ್‌ಬಾಕ್ಸಿನ ಕೆಂಪು ಎಣ್ಣೆ! ಮಾಡ್ಯುಲೇಟರ್ ಒಳಗಿನ ಡಯಾಫ್ರಂ (ತೆಳು ಪರದೆ) ಹರಿದು, ಇಂಜಿನ್ ಆ ಎಣ್ಣೆಯನ್ನು ಹೀರಿ ಸುಡ್ತಾ ಇತ್ತು. ಇಂಜಿನ್ ಮೇಲೆ ಎಷ್ಟು ಭಾರ ಇದೆ ಅಂತ ಗೇರ್‌ಬಾಕ್ಸ್‌ಗೆ ಗೊತ್ತಾಗೋದು ಆ ಪೈಪಿನ ವ್ಯಾಕ್ಯೂಮ್‌ನಿಂದ (ಇಂಜಿನ್ ಗಾಳಿ ಎಳೆಯುವ ಬಲ). ಅದು ಸೋರಿದರೆ ಗೇರ್ ತಡವಾಗಿ, ಒದ್ದ ಹಾಗೆ ಬೀಳುತ್ತೆ. ಇದಕ್ಕೋಸ್ಕರ ಇಡೀ ಗೇರ್‌ಬಾಕ್ಸ್ ಬಿಚ್ಚಿಸಬೇಡಿ. ಮಾಡ್ಯುಲೇಟರ್ ಬದಲಾಯಿಸೋದು ಒಂದು ಬೋಲ್ಟಿನ ಕೆಲಸ.

ಬರೋವಾಗ ಗಾಡಿಯನ್ನು 20 ನಿಮಿಷವಾದರೂ ಓಡಿಸಿಕೊಂಡು ಬನ್ನಿ. ಎಣ್ಣೆ ಬಿಸಿ ಇರಬೇಕು, ಇಂಜಿನ್ ಆನ್ ಇದ್ದು ಪಾರ್ಕ್‌ನಲ್ಲಿರುವಾಗಲೇ ಡಿಪ್‌ಸ್ಟಿಕ್ ನೋಡಬೇಕು. ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಮೊದಲೇ ತಿಳಿಸಿ. ಒಂದು ಕ್ವಾರ್ಟ್ ಡೆಕ್ಸ್‌ರಾನ್ (ಗೇರ್‌ಬಾಕ್ಸ್ ಎಣ್ಣೆ) ಜೊತೆಗಿರಲಿ. ಟೈಮಿಂಗ್ ಲೈಟ್ ನನ್ನ ಹತ್ರ ಇದೆ, ಇಗ್ನಿಷನ್ ಟೈಮಿಂಗೂ ನೋಡಿಬಿಡೋಣ.

ಜ್ಯಾಕ್ ಸ್ಟ್ಯಾಂಡ್ ಎರಡೇ ಜೊತೆ ಇವೆ, ಇರುವವರು ದಯವಿಟ್ಟು ತನ್ನಿ. ಬರುವವರು ಗಾಡಿಯ ಮಾಡೆಲ್, ವರ್ಷ, ತೊಂದರೆ ಏನು ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಮಾಡ್ಯುಲೇಟರ್ ಬೇಕಾದವರಿಗೆ ಒಟ್ಟಿಗೇ ತರಿಸ್ತೀನಿ.