ಭೂತಾನ್ ಪ್ರವಾಸದ ಶುಲ್ಕ: ಗುಂಪಿನವರಿಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಭೂತಾನ್‌ನಲ್ಲಿ ಉಳಿಯುವ ಭಾರತೀಯರು ಅಲ್ಲಿನ ಸರ್ಕಾರಕ್ಕೆ ರಾತ್ರಿಗೆ ತಲಾ 1,200 ರೂಪಾಯಿ ಪ್ರವಾಸಿ ಶುಲ್ಕ ಯಾಕೆ ಕೊಡಬೇಕು ಎಂದು ತುಂಬಾ ಜನ ಕೇಳುತ್ತಿದ್ದೀರಿ. ಅದನ್ನು ಸುಮ್ನೆ ವಸೂಲಿ ಅಂದುಕೊಳ್ಳಬೇಡಿ.

ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಆ ಪುಟ್ಟ ದೇಶ ಪ್ರವಾಸಿಗರಿಗೆ ಬಾಗಿಲು ಹಾಕಿತು. ಮತ್ತೆ ತೆರೆದದ್ದು 2022ರ ಸೆಪ್ಟೆಂಬರ್ 23ಕ್ಕೆ. ಅಷ್ಟು ದಿನ ಗೈಡ್‌ಗಳು, ಚಾಲಕರು, ಹೋಟೆಲಿನವರು ಕೆಲಸವಿಲ್ಲದೆ ಕೂತಿದ್ದರು. ಎಷ್ಟು ಜನ ಬೇಕಾದರೂ ಬರಲಿ ಎಂದು ಬಿಡುವುದು ಸುಲಭವಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ದೂರದ ದೇಶದವರು ರಾತ್ರಿಗೆ ಕೊಡುವ ಶುಲ್ಕವನ್ನು 65 ಡಾಲರ್‌ನಿಂದ 200ಕ್ಕೆ ಏರಿಸಿದರು. ಅದು ಜಾಸ್ತಿಯಾಯಿತು ಅನ್ನಿಸಿ 2023ರ ಸೆಪ್ಟೆಂಬರ್‌ನಲ್ಲಿ 100ಕ್ಕೆ ಇಳಿಸಿದರು. ತಿದ್ದಿಕೊಂಡರೇ ಹೊರತು ಕೈಬಿಡಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ.

ಈ ಹಣ ಉಚಿತ ಚಿಕಿತ್ಸೆ, ಶಾಲೆ, ಕಾಡಿನ ರಕ್ಷಣೆಗೆ ಹೋಗುತ್ತದೆ. ದೇಶದ ಶೇ. 60ರಷ್ಟು ನೆಲದಲ್ಲಿ ಕಾಡು ಇರಲೇಬೇಕು ಎಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ. 403 ಕಿ.ಮೀ. ಉದ್ದದ ಹಳೆಯ ಟ್ರಾನ್ಸ್ ಭೂತಾನ್ ಕಾಲುದಾರಿಯನ್ನೂ ಸರಿಪಡಿಸಿ 2022ರಲ್ಲೇ ತೆರೆದರು. ಹಳ್ಳಿಗಳ ನಡುವೆಯೇ ಹಾದುಹೋಗುವ ದಾರಿ ಅದು. ನಡೆಯುವವರು ಹಳ್ಳಿಮನೆಯಲ್ಲಿ ಉಳಿದರೆ ದುಡ್ಡು ನೇರ ಆ ಮನೆಯವರ ಕೈಗೆ.

ಹಾಗಾಗಿ ಪಾರೋ, ಥಿಂಫು ಮಾತ್ರ ನೋಡಿ ಓಡಿ ಬರುವ ಪ್ಲಾನ್ ಬೇಡ. ಮಧ್ಯ ಭೂತಾನ್‌ನ ಬುಮ್ತಾಂಗ್ ಕಡೆ ಎರಡು ರಾತ್ರಿ ಹೋಮ್‌ಸ್ಟೇಯಲ್ಲಿ ಇರೋಣ, ಅಲ್ಲಿನವರನ್ನೇ ಗೈಡ್ ಆಗಿ ತಗೊಳ್ಳೋಣ. ಒಪ್ಪಿಗೆ ಇದ್ದವರು ಭಾನುವಾರದೊಳಗೆ ಹೆಸರು ಹಾಕಿ. ಮಕ್ಕಳ ವಯಸ್ಸನ್ನೂ ಬರೆಯಿರಿ, ಆರು ವರ್ಷದೊಳಗಿನವರಿಗೆ ಈ ಶುಲ್ಕ ಇಲ್ಲ.