ಪದದ ಚೌಕಕ್ಕೆ ಸ್ಪೆಲ್ಲಿಂಗೂ ಬೇಕು, ಅಂಕವೂ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಪದದಾಟದ ಪ್ರಿಯರಿಗೆಂದು ಬರುವ ‘ಅಪರೂಪದ ಇಂಗ್ಲಿಷ್ ಪದ’ ಚೌಕದ ಬಗ್ಗೆ ಈ ಪತ್ರ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಶಾಲೆಗೆ ಮಳೆ ರಜೆ ಕೊಟ್ಟರೆ ಜಗಲಿಯಲ್ಲಿ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆಗಳನ್ನು ಬೋರ್ಡಿನಲ್ಲಿ ಜೋಡಿಸಿ ಪದ ಕಟ್ಟಿ ಅಂಕ ಗಳಿಸುವ ಆಟ) ಹರಡುವ ಮನೆಗಳಿವೆ, ಆ ಚೌಕವನ್ನು ಕತ್ತರಿಸಿ ಇಟ್ಟುಕೊಳ್ಳುವ ಮಕ್ಕಳೂ ಇದ್ದಾರೆ. ಆದರೆ ಆಟಕ್ಕೆ ಅದು ಒದಗುತ್ತಿಲ್ಲ. ನೀವು ಆರಿಸುವುದು 29 ಅಕ್ಷರದ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’, 45 ಅಕ್ಷರದ ಶ್ವಾಸಕೋಶದ ಕಾಯಿಲೆಯ ಹೆಸರು. ಬೋರ್ಡಿನ ಒಂದು ಸಾಲಿನಲ್ಲಿ ಇರುವುದೇ 15 ಮನೆ, ಆಟಗಾರನ ಮುಂದಿರುವುದು ಏಳು ಬಿಲ್ಲೆ!

ಅಪರೂಪದ ಪದ ನಿಜವಾಗಿ ಬೇಕಾಗುವುದು ಕೈಯಲ್ಲಿನ ಬಿಲ್ಲೆಗಳು ಹೊಂದದೆ ಹೋದಾಗ. ಸ್ವರವೇ ಬಾರದಿದ್ದರೆ ಸಿ-ಡಬ್ಲ್ಯು-ಎಂ ಇದೆ, ವೇಲ್ಸ್ ಕಡೆಯ ಕಣಿವೆ, 10 ಅಂಕ. ಸಿ-ಆರ್-ಡಬ್ಲ್ಯು-ಟಿ-ಎಚ್, ಅದೇ ನಾಡಿನ ತಂತಿವಾದ್ಯ, 13 ಅಂಕ. ಮೊದಲನೆಯದನ್ನು ‘ಕೂಮ್’, ಎರಡನೆಯದನ್ನು ‘ಕ್ರೂತ್’ ಎಂದು ಕನ್ನಡದಲ್ಲಷ್ಟೇ ಅಚ್ಚು ಹಾಕಿದರೆ ಓದುಗ ಯಾವ ಬಿಲ್ಲೆ ಎತ್ತಬೇಕು? ಉಚ್ಚಾರದ ಜೊತೆ ಅಕ್ಷರಗಳನ್ನೂ ಬಿಡಿಸಿ ಕೊಡಿ. ಸ್ವರಗಳೇ ಕೈತುಂಬಿದಾಗ ಎ-ಐ ಬೇಕು, ಮೂರು ಬೆರಳಿನ ಸ್ಲಾತ್ ಪ್ರಾಣಿ. ಎ-ಎ ಎಂದರೆ ಹವಾಯಿಯ ಒರಟು ಲಾವಾ. ಇ-ಯು-ಒ-ಯು-ಎ-ಇ ಎಂಬ ಪದದಲ್ಲಂತೂ ಒಂದು ವ್ಯಂಜನವೂ ಇಲ್ಲ; ಅದು ಯುರೋಪಿನ ಮಧ್ಯಯುಗದ ಚರ್ಚ್ ಗಾಯನಕ್ಕೆ ಸೇರಿದ್ದು.

ಕ್ಯೂ ಬಿಲ್ಲೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಹೊಸಬರು ಸೋಲುವುದು ಅಲ್ಲೇ. ಅದರ ಬೆಲೆ 10. ಯು ಬರಲಿ ಎಂದು ಕಾಯುತ್ತ ಕೂತವರ ಕೈಯಲ್ಲಿ ಕೊನೆಗೆ ಅದು ಉಳಿದರೆ 10 ಕಳೆಯುತ್ತದೆ, ಮೊದಲು ಬಿಲ್ಲೆ ಮುಗಿಸಿದ ಎದುರಾಳಿಗೆ ಆ 10 ಸೇರುತ್ತದೆ. ಒಂದೇ ಬಿಲ್ಲೆಯಿಂದ 20 ಅಂಕದ ಅಂತರ. ಕಾಯುವ ಅಗತ್ಯವೇ ಇಲ್ಲ. ಕ್ಯೂ-ಐ (ಚೀನೀಯರು ಹೇಳುವ ಜೀವಶಕ್ತಿ, ಉಚ್ಚಾರ ‘ಚೀ’) ಇದೆ. ಕ್ಯೂ-ಎ-ಟಿ ಇದೆ, ಯೆಮನ್ನಿನವರು ನಮ್ಮವರು ಕವಳ ಹಾಕಿದಂತೆ ಅಗಿಯುವ ಎಲೆ. ಕ್ಯೂ-ಎ-ಎನ್-ಎ-ಟಿ ಎಂದರೆ ನೆಲದಡಿ ಸುರಂಗ ಕೊರೆದು ನೀರು ಹರಿಸುವ ಇರಾನಿನ ಪದ್ಧತಿ, ನಮ್ಮ ಬೀದರಿನ ಕರೇಜ್ ಇದೇ ಜಾತಿಯದು. ಅಕ್ಷರದ ಬೆಲೆಯನ್ನು ಮೂರು ಪಟ್ಟು ಮಾಡುವ ಮನೆಯಲ್ಲಿ ಕ್ಯೂ ಇಟ್ಟು, ಅಡ್ಡಕ್ಕೂ ಉದ್ದಕ್ಕೂ ಕ್ಯೂ-ಐ ಆಗುವಂತೆ ಹೊಂದಿಸಿದರೆ 31 ಮತ್ತು 31, ಒಟ್ಟು 62 ಅಂಕ. 29 ಅಕ್ಷರದ ಪದದಿಂದ ಇದು ಸಾಧ್ಯವೇ?

ಇನ್ನು, ವಿಚಿತ್ರ ಪದ ಹುಡುಕಲು ವೇಲ್ಸ್‌ವರೆಗೆ ಹೋಗಬೇಕೆಂದೇನಿಲ್ಲ. ಕಾಟಿಗೆ ಜಿ-ಎ-ಯು-ಆರ್, ಸೀಳುನಾಯಿಗೆ ಡಿ-ಎಚ್-ಒ-ಎಲ್-ಇ, ಅಡಿಕೆಗೆ ಎ-ಆರ್-ಇ-ಸಿ-ಎ, ಘಟ್ಟಕ್ಕೆ ಜಿ-ಎಚ್-ಎ-ಟಿ, ಎಲ್ಲವೂ ಆಟದಲ್ಲಿ ಒಪ್ಪುವ ಪದಗಳ ಪಟ್ಟಿಯಲ್ಲಿವೆ. ನಮ್ಮ ಪದಗಳನ್ನು ಆಂಗ್ಲರು ಬಗೆಬಗೆಯಾಗಿ ಬರೆದದ್ದು ಆಟಗಾರರಿಗೆ ಲಾಭವೇ ಆಗಿದೆ. ತುಪ್ಪವನ್ನು ಜಿ-ಎಚ್-ಇ-ಇ ಎಂದೂ ಜಿ-ಎಚ್-ಐ ಎಂದೂ ಇಡಬಹುದು, ಕಡವೆಯನ್ನು ಎಸ್-ಎ-ಎಂ-ಬಿ-ಎ-ಆರ್ ಎಂದೂ ಎಸ್-ಎ-ಎಂ-ಬಿ-ಯು-ಆರ್ ಎಂದೂ ಇಡಬಹುದು. ಊರಿನ ಹೆಸರು ಮಾತ್ರ ನಡೆಯುವುದಿಲ್ಲ. ‘ಮದ್ರಾಸ್’ ನಡೆಯುತ್ತದಲ್ಲ ಎನ್ನಬಹುದು. ಅದು ಬಟ್ಟೆಯ ಹೆಸರಾಗಿ ಒಳಗೆ ಬಂದದ್ದು.

ಬೆಲ್ಲದ ಲೆಕ್ಕ ನೋಡಿ. ಜೆ-ಎ-ಜಿ-ಜಿ-ಇ-ಆರ್-ವೈ, ಏಳು ಅಕ್ಷರ, ಮೂಲ ಬೆಲೆ 19. ಮೊದಲ ಸರದಿಯಲ್ಲೇ ಬಂತೆನ್ನಿ. ನಡುವಿನ ಸಾಲಿನ 6ನೇ ಮನೆಯಿಂದ ಶುರು ಮಾಡಿದರೆ ವೈ 12ನೇ ಮನೆಗೆ ಬಿದ್ದು ಅದರ ಬೆಲೆ ಇಮ್ಮಡಿಯಾಗುತ್ತದೆ. ಪದದ ಬೆಲೆ 23, ಇಡೀ ಪದದ ಬೆಲೆಯನ್ನು ಇಮ್ಮಡಿಸುವ ನಡುಮನೆಯಿಂದಾಗಿ 46, ಏಳೂ ಬಿಲ್ಲೆ ಇಟ್ಟಿದ್ದಕ್ಕೆ 50 ಬೋನಸ್, ಒಟ್ಟು 96. ಅದನ್ನೇ 4ನೇ ಮನೆಯಿಂದ ಶುರು ಮಾಡಿದರೆ ಇಮ್ಮಡಿಯಾಗುವುದು ಜೆ, ಒಟ್ಟು 104. ಪದ ಗೊತ್ತಿದ್ದೂ ಎಂಟು ಅಂಕ ಕಳೆದುಕೊಳ್ಳುವುದು ಹೀಗೆ. ಚೌಕದಲ್ಲಿ ಇಂಥ ಲೆಕ್ಕವೂ ಇರಲಿ.

ಅರ್ಥ ಕೊಡುವಾಗ ಅದು ನಾಮಪದವೋ, ಕ್ರಿಯಾಪದವೋ, ಗುಣವಾಚಕವೋ ಎಂದು ಹೇಳಿ. ಆಟದಲ್ಲಿ ಅರ್ಥ ಯಾರೂ ಕೇಳುವುದಿಲ್ಲ, ಆದರೆ ಕೊನೆಗೆ ಎಸ್ ಸೇರುತ್ತದೋ ಇಲ್ಲವೋ ಎಂದು ಊಹಿಸಲು ಇದು ಬೇಕೇ ಬೇಕು. ಗುಣವಾಚಕಕ್ಕೆ ಎಸ್ ಅಂಟಿಸಿ, ಪದ ತಪ್ಪೆಂದು ಎದುರಾಳಿ ಹಾಕುವ ಚಾಲೆಂಜಿನಲ್ಲಿ ಸರದಿ ಕಳೆದುಕೊಳ್ಳುವವರು ಬಹಳ. ಪದ ಯಾವ ಪಟ್ಟಿಯದೆಂದೂ ತಿಳಿಸಬೇಕು. ಭಾರತದ ಪಂದ್ಯಾವಳಿಗಳಲ್ಲಿ ನಡೆಯುವುದು ಕಾಲಿನ್ಸ್ ಪಟ್ಟಿ, ಅದರಲ್ಲಿ ಎರಡಕ್ಷರದ ಪದಗಳೇ 127. ಅಮೆರಿಕದ ಪಟ್ಟಿ ಬೇರೆ. ಯಾಕ್ ಮತ್ತು ಹಸುವಿನ ಮಿಶ್ರತಳಿಯಾದ ಝಡ್-ಒ ಕಾಲಿನ್ಸಿನಲ್ಲಿದೆ, ಅಲ್ಲಿಲ್ಲ. ಅಮೆರಿಕದ ಆ್ಯಪಿನಲ್ಲಿ ಕಲಿತು ಬಂದವರಿಗೂ ಇಲ್ಲಿನವರಿಗೂ ಜಗಳ ಹುಟ್ಟುವುದು ಇಂಥ ಕಡೆ.

ವಾರಕ್ಕೊಂದು ಪದವೇ ಸಾಕೆಂದಾದರೆ ಟಿ-ಐ-ಎಸ್-ಎ-ಎನ್-ಇಯಿಂದ ಶುರು ಮಾಡಿ. ಅರ್ಥ, ಗಿಡಮೂಲಿಕೆಯ ಕಷಾಯ. ಈ ಆರು ಬಿಲ್ಲೆಗೆ ಡಿ ಸೇರಿದರೆ ‘ಇನ್‌ಸ್ಟೆಡ್’, ಜಿ ಸೇರಿದರೆ ‘ಸೀಟಿಂಗ್’, ಎಂ ಸೇರಿದರೆ ‘ಇನ್‌ಮೇಟ್ಸ್’, ಆರ್ ಸೇರಿದರೆ ‘ರಿಟೇನ್ಸ್’ ಅಥವಾ ಗ್ರೀಸಿನ ರಾಳದ ವೈನ್ ‘ರೆಟ್ಸಿನಾ’. ಎಲ್ಲಕ್ಕೂ 50 ಬೋನಸ್. ಎಲ್ ಸೇರಿಸಿದರೆ ಏನೇನಾಗುತ್ತದೆ ಎಂಬುದನ್ನು ಓದುಗರಿಗೆ ಬಿಟ್ಟು, ಉತ್ತರವನ್ನು ಮರುವಾರ ಅಚ್ಚು ಹಾಕಬಹುದು.

— ಪದದಾಟದ ಕೆಲವು ಗೆಳೆಯರು, ಶಿವಮೊಗ್ಗ