ಕೊಳಗ ಯಾರ ಕೈಲಿದೆ ಮಾರಾಯ?

ಏನೋ ಮಾರಾಯ,

ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜಿಗೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ. ನಾಚಿಕೆಗಾದರೂ ಉತ್ತರ ಕೊಡುತ್ತೀಯ ಅಲ್ವಾ? ಹೆದರಬೇಡ, ಛತ್ರಿ ವಿಷಯ ತೆಗೆಯಲ್ಲ.

ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಭೂಮಿಯ ಒಡೆಯರ ವಿರುದ್ಧ ನಡೆಸಿದ ಕಾಗೋಡು ಸತ್ಯಾಗ್ರಹದ ಬಗ್ಗೆ ಮತ್ತೆ ಓದುತ್ತಿದ್ದೆ. ನಿನಗೆ ಗೊತ್ತಿರುವುದೇ, ಭಾಷಣ ಬೇರೆ ಮಾಡಿದವನು ನೀನು, ಮೈಕಿನ ಕತೆ ಬಿಡು. ನಾವು ಮಾತಾಡುವಾಗ 1951ರ ಆ ಹೋರಾಟಕ್ಕೆ ರೈತ ಮುಖಂಡ ಗಣಪತಿಯಪ್ಪ ಗೇಣಿದಾರರನ್ನು ಒಟ್ಟು ಮಾಡಿದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸಕರಾದದ್ದು, ಇಷ್ಟು ಹೇಳಿ ಮುಗಿಸಿಬಿಡುತ್ತಿದ್ದೆವು. ಈ ಸಲ ತಲೆಯಲ್ಲಿ ಕೂತಿದ್ದು ಕೊಳಗ. ಗೇಣಿ ಭತ್ತ ಅಳೆಯುವ ಆ ಕೊಳಗದ ಅಳತೆಯ ಮೇಲೇ ಜಗಳ ಹತ್ತಿದ್ದು. ಒಡೆಯರ ಕೊಳಗ ದೊಡ್ಡದು. ಲೆಕ್ಕಕ್ಕೆ ಮಾತಾದಷ್ಟೇ ಕೊಳಗ, ಒಂದೂ ಜಾಸ್ತಿ ಇಲ್ಲ, ಆದರೆ ಉತ್ತವನ ಮನೆಗೆ ಉಳಿಯುವ ಭತ್ತ ಮಾತ್ರ ಕಡಿಮೆ. ಹೊಡೆಯಬೇಕಿಲ್ಲ, ಬೈಯಬೇಕಿಲ್ಲ, ಸುಮ್ನೆ ಅಳೆದರೆ ಸಾಕು. ಕೇಳಿದವನಿಗೆ ಗದ್ದೆಗೆ ಇಳಿಯಬೇಡ ಅನ್ನುವ ಬಲವೂ ಅದೇ ಕೈಯಲ್ಲಿ. ಹಾಗಾಗಿ ಅಲ್ಲಿ ಸತ್ಯಾಗ್ರಹ ಅಂದರೆ ನೇಗಿಲು ಹಿಡಿದು ಗದ್ದೆಗೆ ಇಳಿಯುವುದು. ಹುಟ್ಟಿದಾಗಿನಿಂದ ಮಾಡಿದ ಕೆಲಸವನ್ನೇ ಮಾಡಿ ಜೈಲಿಗೆ ಹೋದರು ನೋಡು.

ಕಾನೂನು ಇದ್ದರೆ ಸರಿಹೋಗುತ್ತದೆ ಅಂತ ನೀನು ವಾದ ಮಾಡುತ್ತೀಯ. ಮಹಾರಾಷ್ಟ್ರದ ಮಹಾಡದಲ್ಲಿ ದಲಿತರಿಗೆ ಮುಟ್ಟಗೊಡದ ಕೆರೆ ನೆನಪಿಸಿಕೋ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ಮುಂಬಯಿಯ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಕಾಗದದ ಮೇಲೆ ನೀರು ಬಂತು, ಬೊಗಸೆಗೆ ಬರಲಿಲ್ಲ. 1927ರಲ್ಲಿ ಅಂಬೇಡ್ಕರ್ ಜೊತೆ ದಲಿತರು ನಡೆದು ಹೋಗಿ ಕುಡಿದರು, ಏಟು ತಿಂದರು. ಆ ನೀರು ಅವರಿಗೂ ಸೇರಿದ್ದು ಅಂತ ಹೈಕೋರ್ಟಿನ ತೀರ್ಪು ಬಂದಿದ್ದು 1937ರಲ್ಲಿ. ನಮ್ಮಲ್ಲಿ ಉಳುವವನೇ ಹೊಲದೊಡೆಯ ಅಂದ 1974ರ ಭೂಸುಧಾರಣೆ ದೊಡ್ಡದೇ, ಇಲ್ಲ ಅನ್ನಲ್ಲ. ಆದರೂ ಗೇಣಿದಾರ ತಾನೇ ಅರ್ಜಿ ಹಾಕಬೇಕಿತ್ತು. ನಿನ್ನೆಯವರೆಗೆ ಯಾರ ಮುಂದೆ ತಲೆ ಎತ್ತಿರಲಿಲ್ಲವೋ ಅವರ ಎದುರಿಗೇ ಹೋಗಿ ಈ ಗದ್ದೆ ನನ್ನದು ಅನ್ನಬೇಕು. ಅದಕ್ಕೆ ಎಷ್ಟು ಎದೆ ಬೇಕು ಯೋಚನೆ ಮಾಡು.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಬರಹ ಆಗುತ್ತಿತ್ತು.

ನಾನೀಗ ಟೀಮ್ ಮ್ಯಾನೇಜರ್ ಅನ್ನುವುದು ನಿನಗೆ ಗೊತ್ತು, ಪಾರ್ಟಿ ಕೊಡದಿದ್ದಕ್ಕೆ ಇನ್ನೂ ಗೊಣಗುತ್ತೀಯ. ಮ್ಯಾನೇಜರ್ ಆದಾಗಿನಿಂದ ನನ್ನ ಜೋಕಿಗೆಲ್ಲ ನಗು ಬರುತ್ತಿದೆ. ನಿನಗೆ ಗೊತ್ತು ನನ್ನ ಜೋಕು ಎಂಥವು ಅಂತ. ಮೊದಮೊದಲು ಖುಷಿಪಟ್ಟೆ. ಆಮೇಲೆ ಅರ್ಥವಾಯಿತು, ಆ ನಗು ನನ್ನ ಮಾತಿಗಲ್ಲ, ಅಪ್ರೈಸಲ್‌ಗೆ. ಅರ್ಥವಾದ ಮೇಲೂ ಅದು ಬೇಕು ಅನ್ನಿಸುತ್ತದೆ, ಅದೇ ತೊಂದರೆ. ಮೊನ್ನೆ ಎಲ್ಲರೂ ನಕ್ಕಾಗ ಒಬ್ಬಳು ನಗಲಿಲ್ಲ. ಮುಖ ತಿರುಗಿಸಲಿಲ್ಲ, ಕೊಂಕು ಆಡಲಿಲ್ಲ, ಬರೀ ನಗಲಿಲ್ಲ. ಸಿಟ್ಟು ಬಂತು ಕಣೋ. ಸಂಜೆ ಅವಳ ರೇಟಿಂಗ್ ತುಂಬುವುದಿತ್ತು. ಕೆಲಸ ಚೆನ್ನಾಗಿ ಮಾಡುತ್ತಾಳೆ, ಹಾಗೇ ಬರೆದೆ. ಆದರೆ ಬರೆಯುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ‘ತಂಡದ ಜೊತೆ ಬೆರೆಯುವುದು ಕಡಿಮೆ’ ಅಂತ ಒಂದೇ ಸಾಲು ಸೇರಿಸಿದ್ದರೂ ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ, ಅವಳಿಗೂ ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ. ಇಷ್ಟು ಸುಲಭವಾ ಅಂತ ಹೆದರಿದೆ ಅಂತ ಹೇಳಬೇಕು ಅಂದುಕೊಂಡೇ ಈ ಪತ್ರ ಶುರು ಮಾಡಿದ್ದು. ನಿಜ ಹೇಳಲಾ, ಆ ಹೊತ್ತು ಹಿತವಾಗಿತ್ತು. ಕಾಗೋಡಿನ ಕತೆಯಲ್ಲಿ ನಾನು ಯಾವಾಗಲೂ ನೇಗಿಲ ಹಿಂದೆ ನಿಂತವನು ಅಂತ ಅಂದುಕೊಂಡು ಓದುತ್ತಿದ್ದೆ.

ಸರಿ, ಸಾಕು, ಜಾಸ್ತಿ ಆಯಿತು. ಕ್ರಾಂತಿಕಾರಿ ಮ್ಯಾನೇಜರಿಗೆ ನಾಳೆ ಬೆಳಗ್ಗೆ ಮೀಟಿಂಗ್ ಇದೆ, ಅಲ್ಲಿ ಜೋಕು ಮಾಡಬಾರದು ಅಂತ ತೀರ್ಮಾನಿಸಿದ್ದೇನೆ, ಸಮಾಜಕ್ಕೆ ಸದ್ಯಕ್ಕೆ ನನ್ನ ಕೊಡುಗೆ ಅಷ್ಟೇ. ಈ ಪತ್ರಕ್ಕೂ ನಮ್ಮ ಟೀಮಿನವರು ಸಾಲಾಗಿ ಬಂದು ಹೃದಯ ಒತ್ತುತ್ತಾರೆ, ‘ತುಂಬಾ ಚೆನ್ನಾಗಿದೆ ಸರ್’ ಅನ್ನುತ್ತಾರೆ. ಅವನ್ನು ಲೆಕ್ಕಕ್ಕೆ ಹಿಡಿಯಬೇಡ. ನೀನು ಬಂದು ಚೆನ್ನಾಗಿ ಬೈದು ಹೋಗು.

ನಿನ್ನ,
ಪಾರ್ಟಿ ಬಾಕಿ ಇರುವವನು